ನೌಕರನ ಆವಿಷ್ಕಾರ, ಕಂಪನಿಯ ಪೇಟೆಂಟ್ ಅರ್ಜಿ: ದಾವೆ ಎಲ್ಲಿ ಹಾಕಿದೆ, ಹೇಗೆ ಉಳಿಸಿಕೊಂಡೆ

ಪ್ಲೇಂಟ್ (ದಾವೆಯ ಅರ್ಜಿ) ವಾಪಸ್ ಬರಲಿಲ್ಲ. ವ್ಯಾಪ್ತಿ ಇಲ್ಲ, ಪ್ಲೇಂಟ್ ಹಿಂದಿರುಗಿಸಿ ಎಂದು ಸಿ.ಪಿ.ಸಿ. (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರ್ಡರ್ 7 ರೂಲ್ 10ರ ಕೆಳಗೆ ಎದುರು ಕಡೆಯವರು ಹಾಕಿದ ಅರ್ಜಿ ವಜಾ ಆಯಿತು, ಪ್ಲೇಂಟ್ ತಿರಸ್ಕರಿಸಿ ಎಂದು ರೂಲ್ 11ರ ಕೆಳಗೆ ಹಾಕಿದ್ದೂ ವಜಾ ಆಯಿತು. "ಪೇಟೆಂಟ್ ವ್ಯಾಜ್ಯ ತಗೊಂಡು ಕಮರ್ಷಿಯಲ್ ಕೋರ್ಟಿಗೆ ಹೋಗ್ತೀಯೇನಪ್ಪಾ, ಕಂತೆ ಕೈಗೆ ಕೊಟ್ಟು ಕಳಿಸ್ತಾರೆ ನೋಡು" ಎಂದು ಬಾರ್ ಅಸೋಸಿಯೇಷನ್‌ನಲ್ಲಿ ನಕ್ಕಿದ್ದ ಸೀನಿಯರ್ ಮೊನ್ನೆ ಜೂನಿಯರ್ ಕೈಲಿ ಅದೇ ಪ್ಲೇಂಟ್‌ನ ಕಾಪಿ ಕೇಳಿ ಕಳಿಸಿದ್ದರು. ಕೊಟ್ಟೆ. ಇಲ್ಲಿ ಎಲ್ಲರಿಗೂ ಬರೆಯುತ್ತಿದ್ದೇನೆ.

ನನ್ನ ಕಕ್ಷಿದಾರರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಸೂಪರ್‌ವೈಸರ್ ಆಗಿದ್ದವರು. ಕೆಟ್ಟ ಮೆಷಿನ್ ರಿಪೇರಿ ಮಾಡುವುದು ಅವರ ಕೆಲಸ, ಹೊಸದು ಕಂಡುಹಿಡಿಯುವುದಲ್ಲ. ಆದರೂ ಪ್ರೆಸ್ ಮೆಷಿನ್‌ಗೆ ಒಂದು ಸೇಫ್ಟಿ ಲಾಕ್ ಮಾಡಿದರು. ಕಂಪನಿ ಅದಕ್ಕೆ ಪೇಟೆಂಟ್ ಅರ್ಜಿ ಹಾಕಿತು. ಅರ್ಜಿಯ ಫಾರ್ಮ್ 1ರಲ್ಲಿ ಆವಿಷ್ಕಾರಕ ಎಂದು ಇದ್ದದ್ದು ಡೈರೆಕ್ಟರ್ ಹೆಸರು. 18 ತಿಂಗಳಾಗಿ ಅರ್ಜಿ ಪ್ರಕಟವಾದ ಮೇಲೆಯೇ ಇವರಿಗೆ ವಿಷಯ ಗೊತ್ತಾಗಿದ್ದು.

ನಮ್ಮ 1970ರ ಪೇಟೆಂಟ್ ಕಾಯ್ದೆಯಲ್ಲಿ ನೌಕರರ ಆವಿಷ್ಕಾರಕ್ಕೆಂದೇ ಒಂದು ಸೆಕ್ಷನ್ ಇಲ್ಲ, ಅದು ನಿಮಗೆ ಗೊತ್ತು. ಬ್ರಿಟನ್ನಿನ 1977ರ ಕಾಯ್ದೆಯಲ್ಲಿ 39ನೇ ಸೆಕ್ಷನ್ ಇದೆ. ಜರ್ಮನಿಯಲ್ಲಿ 1957ರಿಂದ ಬೇರೆ ಕಾಯ್ದೆಯೇ ಇದೆ. ನಮಗೆ ಇರುವುದು ಕರಾರು ಒಂದೇ.

ನನ್ನ ಹತ್ತಿರ ಬರುವ ಮೊದಲೇ ಅವರು ಸಾಕಷ್ಟು ಸುತ್ತಿದ್ದರು. ಪೊಲೀಸ್ ಠಾಣೆಯಲ್ಲಿ ನಂಬಿಕೆ ದ್ರೋಹ ಅಂತ ದೂರು ಕೊಟ್ಟರು. ಇದು ಸಿವಿಲ್ ವಿಷಯ ಅಂತ ಹಿಂಬರಹ ಬಂತು. ಲೇಬರ್ ಕೋರ್ಟ್‌ನಲ್ಲಿ ಸೂಪರ್‌ವೈಸರ್ 'ವರ್ಕ್‌ಮನ್' ಹೌದೋ ಅಲ್ಲವೋ ಎಂಬ ಚರ್ಚೆಯಲ್ಲೇ ಒಂದು ವರ್ಷದ ಮೇಲೆ ಹೋಯಿತು. ಲಾಕ್ ಯಾರದ್ದು ಎಂಬ ಮಾತೇ ಬರಲಿಲ್ಲ. ಚೆನ್ನೈ ಪೇಟೆಂಟ್ ಕಚೇರಿಗೆ ಸೆಕ್ಷನ್ 28ರ ಕೆಳಗೆ ಆವಿಷ್ಕಾರಕ ಎಂದು ಹೆಸರು ಸೇರಿಸಿ ಅಂತ ಕ್ಲೇಮ್ ಹಾಕಿದ್ದರು. ಗ್ರಾಂಟ್ (ಪೇಟೆಂಟ್ ಮಂಜೂರು) ಆಗುವ ಮೊದಲೇ ಹಾಕಿದ್ದರಿಂದ ಅದು ಉಳಿದಿತ್ತು. ಆದರೆ ಹೆಸರು ಬಂದ ಮಾತ್ರಕ್ಕೆ ಹಕ್ಕು ಬರಲ್ಲ ಎಂದು ಆ ಸೆಕ್ಷನ್ನೇ ಹೇಳುತ್ತೆ. ಇಷ್ಟಕ್ಕೆಲ್ಲ ಅವರ ಕೈಯಿಂದ ಹೆಚ್ಚುಕಡಿಮೆ ಎರಡು ಲಕ್ಷ ಖರ್ಚಾಗಿತ್ತು.

ನಾನು ಮಾಡಿದ ಮೊದಲ ಕೆಲಸ, 'ಉಲ್ಲಂಘನೆ' ಎಂಬ ಪದ ಪ್ಲೇಂಟ್‌ನಲ್ಲಿ ಎಲ್ಲೂ ಬಾರದ ಹಾಗೆ ನೋಡಿಕೊಂಡಿದ್ದು. ಆ ಪದ ಬಂದರೆ ಪೇಟೆಂಟ್ ಕಾಯ್ದೆಯ ಸೆಕ್ಷನ್ 104 ಎದುರಿಗೆ ನಿಲ್ಲುತ್ತೆ. ನಾಳೆ ಎದುರು ಕಡೆಯವರು ಪೇಟೆಂಟ್ ರದ್ದತಿಗೆ ಕೌಂಟರ್ ಕ್ಲೇಮ್ (ಪ್ರತಿದಾವೆ) ಹಾಕಿದರೆ ಇಡೀ ದಾವೆ ಹೈಕೋರ್ಟಿಗೆ ಹೋಗುತ್ತೆ. ನಾನು ರದ್ದತಿ ಕೇಳಲಿಲ್ಲ, ಪೇಟೆಂಟ್ ರಿಜಿಸ್ಟರ್ ತಿದ್ದಿ ಅಂತಲೂ ಕೇಳಲಿಲ್ಲ. ಕೇಳಿದ್ದು ಮೂರೇ. ಸೆಕ್ಷನ್ 6ರ ಪ್ರಕಾರ ಅರ್ಜಿ ಹಾಕುವ ಹಕ್ಕು ನಿಜವಾದ ಮೊದಲ ಆವಿಷ್ಕಾರಕನದ್ದು ಅಥವಾ ಅವನಿಂದ ಬರೆಸಿಕೊಂಡವರದ್ದು, ಇಲ್ಲಿ ಬರೆಸಿಕೊಂಡ ಕಾಗದವೇ ಇಲ್ಲ ಎಂಬ ಘೋಷಣೆ. ಕಂಪನಿ ಅದನ್ನು ಮಾರದಂತೆ, ಲೈಸೆನ್ಸ್ ಕೊಡದಂತೆ ತಡೆಯಾಜ್ಞೆ. ಮೂರನೆಯದು, ಕಂಪನಿಯೇ ಸಹಿ ಹಾಕಿ ಬಿಟ್ಟುಕೊಡಲಿ ಎಂಬ ನಿರ್ದೇಶನ. ಆ ಮೂರನೇ ಪ್ರೇಯರ್‌ನ ಪದಗಳನ್ನು ಮಾತ್ರ ಇಲ್ಲಿ ಬರೆಯಲ್ಲ. ಅದಕ್ಕೆ ನಾನು ತುಂಬಾ ತಲೆ ಕೆಡಿಸಿಕೊಂಡಿದ್ದೇನೆ.

ಎದುರು ವಕೀಲರ ಮೊದಲ ಬಾಣ ಸಿ.ಪಿ.ಸಿ. ಸೆಕ್ಷನ್ 9, ಅಂದರೆ ಸಿವಿಲ್ ಕೋರ್ಟ್ ಇದನ್ನು ಕೇಳುವಂತಿಲ್ಲ ಎಂಬ ವಾದ: ಪೇಟೆಂಟ್ ಕಾಯ್ದೆಯೇ ಸಂಪೂರ್ಣ ಸಂಹಿತೆ, ಪೇಟೆಂಟ್ ಕಚೇರಿಯ ಕಂಟ್ರೋಲರ್ ಹತ್ತಿರ ಸೆಕ್ಷನ್ 25ರ ಕೆಳಗೆ ವಿರೋಧ ಹಾಕಲಿ ಎಂದರು. ಕಂಟ್ರೋಲರ್ ಪೇಟೆಂಟ್ ಕೊಡಬೇಕೋ ಬೇಡವೋ ನೋಡುತ್ತಾರೆ, ಅಪಾಯಿಂಟ್‌ಮೆಂಟ್ ಲೆಟರ್‌ನ ಕರಾರು ಏನು ಹೇಳುತ್ತೆ ಎಂದು ತೀರ್ಮಾನಿಸಿ ಡಿಕ್ರಿ ಕೊಡಲ್ಲ ಎಂದೆ. ಯುರೋಪಿನ ಒಂದು ತೀರ್ಪನ್ನೂ ಮೆಮೊ ಜೊತೆ ಇಟ್ಟೆ: 1983ರ ಡೈನ್‌ಸ್ಟೀ ಪ್ರಕರಣ. ದಿವಾಳಿಯಾದ ಕಂಪನಿ, ಅದರ ಮಾಜಿ ಮ್ಯಾನೇಜರ್, ಅವನ ಹೆಸರಲ್ಲಿದ್ದ ಪೇಟೆಂಟುಗಳು. ನೌಕರ ಮಾಲೀಕರ ನಡುವಿನ ಒಡೆತನದ ಜಗಳ ನೋಂದಣಿ, ಸಿಂಧುತ್ವದ ಜಗಳ ಅಲ್ಲ, ಆದ್ದರಿಂದ ಪೇಟೆಂಟ್ ಕೊಟ್ಟ ದೇಶದ ಕೋರ್ಟಿಗೇ ಹೋಗಬೇಕೆಂದಿಲ್ಲ ಎಂದು ಅಲ್ಲಿನ ನ್ಯಾಯಾಲಯ ಹೇಳಿತ್ತು. ನಮಗೆ ಅದು ಬಂಧನಕಾರಿ ಅಲ್ಲ. ಆದರೆ ನ್ಯಾಯಾಧೀಶರು ಕನ್ನಡಕ ತೆಗೆದು ಇನ್ನೊಂದು ಸಲ ಓದಿದರು. ಪೇಟೆಂಟ್ ಅರ್ಜಿ ಚೆನ್ನೈನಲ್ಲಿದೆ, ಅಲ್ಲಿನ ಕೋರ್ಟಿಗೇ ಹೋಗಿ ಎಂಬ ವಾದವೂ ಅದರ ಜೊತೆಗೇ ಬಿತ್ತು.

ನಿಜವಾಗಿ ಹೆದರಿಸಿದ್ದು ಬೇರೆ. ಅಪಾಯಿಂಟ್‌ಮೆಂಟ್ ಲೆಟರ್‌ನ ಕೊನೇ ಪುಟದಲ್ಲಿ 'ದೆಹಲಿ ನ್ಯಾಯಾಲಯಗಳಿಗೆ ಮಾತ್ರ ವ್ಯಾಪ್ತಿ' ಎಂಬ ಸಾಲು. ಇಂಥ ಷರತ್ತನ್ನು ಎತ್ತಿಹಿಡಿದ ಸ್ವಸ್ತಿಕ್ ಗ್ಯಾಸಸ್ (2013) ತೀರ್ಪು ಅವರ ಪರ. ಉದ್ಯೋಗ ಕರಾರಿನಲ್ಲೂ ಇಂಥ ಷರತ್ತು ನಡೆಯುತ್ತೆ ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅವರ ಪರ. ಸೀನಿಯರ್ ನಕ್ಕಿದ್ದು ಈ ಸಾಲು ನೋಡಿಯೇ. ನಾನು ಕಂಪನಿಯ ಎಂ.ಸಿ.ಎ. (ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ) ದಾಖಲೆ ತೆಗೆಸಿದೆ. ರಿಜಿಸ್ಟರ್ಡ್ ಆಫೀಸ್ ಬೆಂಗಳೂರು, ಕಾರ್ಖಾನೆ ಬೆಂಗಳೂರು, ಸಹಿ ಬಿದ್ದದ್ದು ಬೆಂಗಳೂರಿನಲ್ಲಿ, ಲಾಕ್ ಆಗಿದ್ದು ಪೀಣ್ಯದಲ್ಲಿ. ದೆಹಲಿಯಲ್ಲಿ ಒಂದು ಕುರ್ಚಿಯೂ ಇಲ್ಲ! ಯಾರದ್ದೋ ಟೆಂಪ್ಲೇಟ್ ಇಳಿಸಿಕೊಂಡು ಹೆಸರು ಬದಲಾಯಿಸಿದ್ದರು, ಅಷ್ಟೇ. ಎರಡು ಕೋರ್ಟಿಗೆ ವ್ಯಾಪ್ತಿ ಇದ್ದರೆ ಒಂದನ್ನು ಆರಿಸಿಕೊಳ್ಳಬಹುದು, ಇಲ್ಲದ ವ್ಯಾಪ್ತಿಯನ್ನು ಕರಾರಿನಿಂದ ಹುಟ್ಟಿಸಲಾಗದು. ಹಕಂ ಸಿಂಗ್ (1971) ತೀರ್ಪು ಇದನ್ನೇ ಹೇಳುತ್ತೆ. ಆ ಷರತ್ತು ಅಲ್ಲಿಗೆ ಮುಗಿಯಿತು.

ದುಡ್ಡಿನ ವಿಷಯ. ಕಮರ್ಷಿಯಲ್ ಕೋರ್ಟಿಗೆ 3 ಲಕ್ಷದ ಮೌಲ್ಯ ಬೇಕು. ಇಂಥ ಹಕ್ಕಿನ ಬೆಲೆಯನ್ನು ವಾದಿಯೇ ಅಂದಾಜು ಮಾಡಬಹುದು. ಕೆಲವರು ಫೀ ಉಳಿಸಲು 3 ಲಕ್ಷಕ್ಕಿಂತ ಕೆಳಗೆ ತೋರಿಸುತ್ತಾರೆ. 2022ರಲ್ಲಿ ವಿಶಾಲ್ ಪೈಪ್ಸ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಇದನ್ನು ಚೆನ್ನಾಗಿ ಝಾಡಿಸಿದೆ. ನಾನು 4 ಲಕ್ಷ ತೋರಿಸಿದೆ. ಕೋರ್ಟ್ ಫೀ ಮೂವತ್ತು ಸಾವಿರದೊಳಗೆ ಮುಗಿಯಿತು. ನನ್ನ ಫೀ ಕೇಳಬೇಡಿ, ಅರ್ಧ ಇನ್ನೂ ಬಾಕಿ.

ಕಮರ್ಷಿಯಲ್ ಕೋರ್ಟ್ಸ್ ಕಾಯ್ದೆಯ 12ಎ, ಅಂದರೆ ದಾವೆಗೆ ಮೊದಲೇ ಮುಗಿಸಬೇಕಾದ ಮಧ್ಯಸ್ಥಿಕೆ, ಅದರ ಬಗ್ಗೆ ಹುಷಾರ್. ಪಾಟೀಲ್ ಆಟೊಮೇಷನ್ (2022) ತೀರ್ಪು ಆದ ಮೇಲೆ ಅದನ್ನು ಬಿಟ್ಟು ಬಂದರೆ ಪ್ಲೇಂಟ್ ಅಲ್ಲೇ ಸಾಯುತ್ತೆ. ತುರ್ತು ಪರಿಹಾರ ಬೇಕಿದ್ದರೆ ಮಾತ್ರ ವಿನಾಯಿತಿ, ಆದರೆ ಅದಕ್ಕೆ ಸುಮ್ನೆ ಐ.ಎ. (ಮಧ್ಯಂತರ ಅರ್ಜಿ) ಹಾಕಿದರೆ ಸಾಲದು, ತುರ್ತು ನಿಜವೇ ಎಂದು ಕೋರ್ಟ್ ನೋಡುತ್ತೆ ಎಂದು ಯಾಮಿನಿ ಮನೋಹರ್ (2023) ಹೇಳಿದೆ. ಕಂಪನಿ ಆ ಲಾಕನ್ನು ಮಾರಲು ಮಾತುಕತೆ ನಡೆಸುತ್ತಿದ್ದ ಒಂದು ಪತ್ರ ನಮ್ಮ ಕೈಲಿತ್ತು. ಅದು ಹೇಗೆ ಸಿಕ್ಕಿತು ಎಂಬುದು ನನ್ನ ಹತ್ತಿರವೇ ಇರಲಿ. ನ್ಯಾಯವಾಗಿಯೇ ಸಿಕ್ಕಿದ್ದು.

ಜೊತೆಗೊಂದು ಪ್ರಯೋಗವನ್ನೂ ಮಾಡಿದೆ. ಚೆನ್ನೈನಲ್ಲಿ ಪ್ರೀ ಗ್ರಾಂಟ್ ವಿರೋಧ, 25(1)(ಎ), ಆವಿಷ್ಕಾರ ಕಸಿದುಕೊಂಡ ಆಧಾರದ ಮೇಲೆ. ಅದೇ ಅಫಿಡವಿಟ್ಟು, ಅದೇ ಡ್ರಾಯಿಂಗು. ಗೆಲ್ಲುವ ಆಸೆ ನನಗೆ ಅಷ್ಟಾಗಿ ಇರಲಿಲ್ಲ. ಅಲ್ಲಿ ಕಂಪನಿ ಏನು ಉತ್ತರ ಬರೆಯುತ್ತೆ ನೋಡೋಣ ಅಂತ. ಬರೆದರು: ಡೈರೆಕ್ಟರ್ 'ಮಾರ್ಗದರ್ಶನದಲ್ಲಿ' ಸಿಬ್ಬಂದಿ ತಯಾರಿಸಿದ್ದು ಎಂದು. ಬೆಂಗಳೂರಿನ ಲಿಖಿತ ಹೇಳಿಕೆಯಲ್ಲಿ ಡೈರೆಕ್ಟರ್ ಒಬ್ಬರೇ ಮಾಡಿದ್ದು ಎಂದಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದ ದಿನವೇ ರಾಜಿಯ ಮಾತು ಶುರುವಾಯಿತು.

ಕಕ್ಷಿದಾರರು ಜಪಾನಿನ ನಕಾಮುರಾ ಕಥೆ ಕೇಳಿ ಬಂದಿದ್ದರು. ನೀಲಿ ಎಲ್‌ಇಡಿ ಮಾಡಿದ ಆ ನೌಕರನಿಗೆ ಕಂಪನಿ 2,000 ಕೋಟಿ ಯೆನ್ ಕೊಡಲಿ ಎಂದು 2004ರಲ್ಲಿ ಟೋಕಿಯೋ ಕೋರ್ಟ್ ಹೇಳಿತ್ತು. ಮುಂದಿನ ವರ್ಷ ಮೇಲಿನ ಕೋರ್ಟ್‌ನಲ್ಲಿ ಸುಮಾರು 84 ಕೋಟಿ ಯೆನ್‌ಗೆ ರಾಜಿಯಾಯಿತು ಎಂದು ಹೇಳಿದ ಮೇಲೆ ನೆಲಕ್ಕೆ ಇಳಿದರು. ಕೊನೆಗೆ ಜಂಟಿ ಹೆಸರಲ್ಲಿ ಅರ್ಜಿ, ಹತ್ತು ಲಕ್ಷದ ಆಸುಪಾಸು ಒಂದೇ ಕಂತು, ಮಾರಾಟದ ಮೇಲೆ ಸಣ್ಣ ಪಾಲು. ರಾಜಿಯಾದ್ದರಿಂದ ಕೋರ್ಟ್ ಫೀ ವಾಪಸ್ ಕೊಡಿ ಎಂದು ಹಾಕಿದ ಅರ್ಜಿ ಮಾತ್ರ ಕಚೇರಿಯಲ್ಲಿ ಇನ್ನೂ ಟೇಬಲ್‌ನಿಂದ ಟೇಬಲ್‌ಗೆ ಓಡಾಡುತ್ತಿದೆ.