ನೋಟ್ಸ್ ಹೇಳಿ ಬರೆಸುವುದನ್ನು ಬಿಟ್ಟ ಮೇಲೆ

ನಾನು ಪಿಯು ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡುತ್ತೇನೆ. ಪ್ರಥಮ ಪಿಯುಸಿಗೆ ಬರುವವರಲ್ಲಿ ತುಂಬಾ ಜನ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಬಂದ ಮೊದಲ ವಾರವೇ ಕೇಳುತ್ತಾರೆ: "ಮೇಡಂ, ನೋಟ್ಸ್ ಕೊಡ್ತೀರಾ?" ಕೊಡುವುದು ಅಂದರೆ ನಾವು ನಿಧಾನವಾಗಿ ಹೇಳುವುದು, ಅವರು ಅಕ್ಷರ ಬಿಡದೆ ಬರೆದುಕೊಳ್ಳುವುದು. ನಮ್ಮಲ್ಲಿ ಇದು ಹಳೆಯ ಅಭ್ಯಾಸ.

ಆದರೆ ಲೆಕ್ಕ ಹಾಕಿ ನೋಡಿ. ಮಾತಾಡುವಾಗ ನಿಮಿಷಕ್ಕೆ ನೂರಕ್ಕೂ ಜಾಸ್ತಿ ಪದ ಬಾಯಿಂದ ಬರುತ್ತವೆ. ಕೈಯಲ್ಲಿ ಬರೆಯುವುದು ಹೆಚ್ಚೆಂದರೆ ಇಪ್ಪತ್ತು ಚಿಲ್ಲರೆ. ಹೇಳಿ ಬರೆಸಿದರೆ ಇಡೀ ಪೀರಿಯಡ್ ಪೆನ್ನಿನ ವೇಗಕ್ಕೆ ಇಳಿಯುತ್ತದೆ. ಮಗುವಿನ ಗಮನವೆಲ್ಲ ಸ್ಪೆಲ್ಲಿಂಗ್ ಮೇಲೆ. ವಿಷಯ ಕಿವಿಯಿಂದ ಕೈಗೆ ಹೋಗುತ್ತದೆ, ತಲೆಯನ್ನು ಮುಟ್ಟುವುದೇ ಇಲ್ಲ. ಅದಕ್ಕೇ ನೋಟ್ಸ್ ಕೊಡುವ ಬದಲು ನೋಟ್ಸ್ ಮಾಡಿಕೊಳ್ಳುವುದನ್ನೇ ಕಲಿಸೋಣ ಅಂತ ತೀರ್ಮಾನಿಸಿದೆ.

ಯಾವ ವಿಧಾನ? ತಲೆಬರಹ, ಉಪತಲೆಬರಹ, ಅದರ ಕೆಳಗೆ ಅಂಶಗಳು ಅನ್ನುವ ಕ್ರಮ ಮೊದಲು ನೋಡಿದೆ. ಜೀವಿಗಳ ವರ್ಗೀಕರಣದ ಪಾಠಕ್ಕೆ ಅದು ಚೆನ್ನಾಗಿ ಒಗ್ಗಿತು. ವಿಜ್ಞಾನಿ ವಿಟ್ಟೇಕರ್ 1969ರಲ್ಲಿ ಹೇಳಿದ, ಜೀವಿಗಳ ಐದು ಸಾಮ್ರಾಜ್ಯಗಳು ತಾವೇ ಐದು ತಲೆಬರಹ ಆಗಿಬಿಡುತ್ತವೆ. ಆದರೆ ಮಕ್ಕಳು ಪ್ರಶ್ನೆ ಕೇಳಿ ಪಾಠ ಹಿಂದೆ ಮುಂದೆ ಓಡಾಡಿದರೆ ಆ ಕ್ರಮ ಕೂಡಲೇ ಕದಡುತ್ತದೆ. ಮೈಂಡ್ ಮ್ಯಾಪ್, ಅಂದರೆ ನಡುವೆ ವಿಷಯ ಬರೆದು ಸುತ್ತ ಕೊಂಬೆಗಳ ಹಾಗೆ ಅಂಶಗಳನ್ನು ಬಿಡಿಸುವುದು, ತರಗತಿಯಲ್ಲಿ ಕಷ್ಟ. ಮುಂದೆ ಏನು ಬರುತ್ತದೆ ಅಂತ ಗೊತ್ತಿಲ್ಲದವರು ಹಾಳೆಯಲ್ಲಿ ಎಷ್ಟು ಜಾಗ ಬಿಡಬೇಕು? ಪಾಠ ಮುಗಿದ ಮೇಲೆ ರಿವಿಷನ್‌ಗೆ ಅದು ಒಳ್ಳೆಯದು. ಮೈಟಾಸಿಸ್–ಮಿಯೋಸಿಸ್ (ಕೋಶ ವಿಭಜನೆಯ ಎರಡು ಬಗೆ), ಜೈಲಮ್–ಫ್ಲೋಯಮ್ (ಗಿಡದಲ್ಲಿ ನೀರು, ಆಹಾರ ಸಾಗಿಸುವ ಅಂಗಾಂಶಗಳು) ತರಹದ ಹೋಲಿಕೆಗಳಿಗೆ ಮಾತ್ರ ಕೋಷ್ಟಕವನ್ನು ಮೀರಿಸಿದ್ದಿಲ್ಲ. ಅಂಥ ದಿನ ಕಾಲಂಗಳ ಹೆಸರನ್ನು ನಾನೇ ಮೊದಲು ಬೋರ್ಡಿನ ಮೇಲೆ ಬರೆಯುತ್ತೇನೆ.

ಉಳಿದ ದಿನಗಳಿಗೆ ನಿಂತದ್ದು ಕಾರ್ನೆಲ್ ವಿಧಾನ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ವಾಲ್ಟರ್ ಪಾಕ್ 1950ರ ದಶಕದಲ್ಲಿ ರೂಪಿಸಿದ್ದು. ಇದಕ್ಕೆ ಹೊಸದೇನೂ ಕೊಳ್ಳಬೇಕಾಗಿಲ್ಲ. ನಮ್ಮ ಲಾಂಗ್ ಬುಕ್‌ನಲ್ಲಿ ಮಾರ್ಜಿನ್ ಹೇಗೂ ಇರುತ್ತದೆ. ಸ್ಕೇಲ್ ಇಟ್ಟು ಅದನ್ನು ಸುಮಾರು 6 ಸೆಂಟಿಮೀಟರ್‌ಗೆ ಅಗಲ ಮಾಡಿಸುತ್ತೇನೆ. ಪುಟದ ಕೆಳಗೆ ಐದಾರು ಗೆರೆ ಬಿಟ್ಟು ಒಂದು ಅಡ್ಡಗೆರೆ. ತರಗತಿಯಲ್ಲಿ ಬರೆಯುವುದು ಬಲಗಡೆ ಮಾತ್ರ. ಎಡಗಡೆ ಮತ್ತು ಕೆಳಗಡೆ ಖಾಲಿ ಇರಬೇಕು.

ಆ ಖಾಲಿ ಜಾಗದಲ್ಲೇ ಇದರ ಗುಟ್ಟು ಇರುವುದು. ಅವತ್ತೇ ಸಂಜೆ ಬಲಗಡೆ ಬರೆದದ್ದನ್ನು ಓದಿ, ಅದಕ್ಕೆ ತಕ್ಕ ಪ್ರಶ್ನೆಯನ್ನು ಎಡಗಡೆ ಬರೆಯಬೇಕು. ರಕ್ತ ಪರಿಚಲನೆಯ ಪಾಠವನ್ನೇ ತಗೊಳ್ಳಿ. ಬಲಗಡೆ ಒಬ್ಬ ಹುಡುಗಿ ಹೀಗೆ ಬರೆದಿರುತ್ತಾಳೆ: 'ಆರ್ಟರಿ – ಹೃದಯದಿಂದ ಆಚೆಗೆ ಒಯ್ಯೋದು. ಶ್ವಾಸಕೋಶಕ್ಕೆ ಹೋಗೋದೂ ಆರ್ಟರಿನೇ, ಆದ್ರೆ ಅದರಲ್ಲಿ ಆಕ್ಸಿಜನ್ ಕಡಿಮೆ.' ಎಡಗಡೆ ಬರುವ ಪ್ರಶ್ನೆ: 'ಪಲ್ಮನರಿ ಆರ್ಟರಿಯಲ್ಲಿ ಆಕ್ಸಿಜನ್ ಕಡಿಮೆ ಇದ್ದರೂ ಅದು ಆರ್ಟರಿ ಯಾಕೆ?' ಈ ಪ್ರಶ್ನೆ ಮಾಡಬೇಕಾದರೆ ಅವಳು ವಿಷಯವನ್ನು ಮತ್ತೊಮ್ಮೆ ಯೋಚಿಸಲೇಬೇಕು, ಅಲ್ವಾ? ಆಮೇಲೆ ಬಲಗಡೆಯನ್ನು ಕೈಯಿಂದ ಮುಚ್ಚಿ, ಎಡಗಡೆಯ ಪ್ರಶ್ನೆಗೆ ನೋಡದೆ ಉತ್ತರ ಹೇಳಿಕೊಳ್ಳಬೇಕು.

ಹೀಗೆ ಮುಚ್ಚಿ ನೆನಪಿಸಿಕೊಳ್ಳುವುದು ಮಕ್ಕಳಿಗೆ ಇಷ್ಟ ಆಗುವುದಿಲ್ಲ. ಸುಮ್ನೆ ಎರಡು ಸಲ ಓದಿದರೆ ಎಲ್ಲ ಬಂದ ಹಾಗೆ ಅನ್ನಿಸುತ್ತದೆ. ಅದಕ್ಕೆ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ ಹೇಳುತ್ತೇನೆ. ಓದಿದ ಒಂದು ಪಠ್ಯಭಾಗವನ್ನು ಕೆಲವರು ಮತ್ತೆ ಓದಿದರು, ಕೆಲವರು ನೋಡದೆ ನೆನಪಿಸಿಕೊಂಡು ಬರೆದರು. ಐದು ನಿಮಿಷದ ನಂತರ ಪರೀಕ್ಷೆ ಮಾಡಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಮಾಡಿದಾಗ ನೆನಪಿಸಿಕೊಂಡು ಬರೆದವರು ಮುಂದಿದ್ದರು. ನಮ್ಮ ಪರೀಕ್ಷೆ ಐದು ನಿಮಿಷದ ನಂತರ ಬರುವುದಿಲ್ಲವಲ್ಲ!

ಇನ್ನು ಭಾಷೆಯ ವಿಷಯ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ. ಹೃತ್ಕರ್ಣ, ಹೃತ್ಕುಕ್ಷಿ, ಅಪಧಮನಿ, ಅಭಿಧಮನಿ ಎಲ್ಲವನ್ನೂ ಹತ್ತನೇ ತರಗತಿಯಲ್ಲಿ ಚೆನ್ನಾಗಿ ಓದಿರುವ ಮಗು, ಏಟ್ರಿಯಮ್, ವೆಂಟ್ರಿಕಲ್ ಅಂದ ತಕ್ಷಣ ತನಗೇನೂ ಗೊತ್ತಿಲ್ಲ ಅಂತ ಕುಗ್ಗಿಬಿಡುತ್ತದೆ. ಇಂಗ್ಲಿಷ್‌ನಲ್ಲೇ ಬರೆಯಿರಿ ಅಂದರೆ ಅರ್ಥವಾಗದ ವಾಕ್ಯಗಳನ್ನು ಗೀಚಿಕೊಳ್ಳುತ್ತದೆ. ಹಾಗಾಗಿ ಬಲಗಡೆ ಯಾವ ಭಾಷೆಯಲ್ಲಿ ಬೇಕಾದರೂ ಬರೆಯಬಹುದು ಅಂತ ಮೊದಲ ದಿನವೇ ಹೇಳುತ್ತೇನೆ. ಕನ್ನಡ ವಾಕ್ಯದ ನಡುವೆ ಇಂಗ್ಲಿಷ್ ಪದ ಇರಲಿ, ಹಳೆಯ ಕನ್ನಡ ಪದ ಪಕ್ಕದಲ್ಲೇ ಇರಲಿ. ಎಡಗಡೆಯ ಪ್ರಶ್ನೆಯನ್ನು ಮಾತ್ರ ಕ್ರಮೇಣ ಇಂಗ್ಲಿಷ್‌ಗೆ ತರಬೇಕು. ಅವರು ಬರೆಯುವ ಪ್ರಶ್ನೆಪತ್ರಿಕೆ ಆ ಭಾಷೆಯಲ್ಲೇ ಇರುತ್ತದೆ. ಪುಟದ ಕೆಳಗೆ ಆ ದಿನದ ಸಾರ, ಸ್ವಂತ ಇಂಗ್ಲಿಷ್‌ನಲ್ಲಿ ಎರಡೇ ವಾಕ್ಯ. ಗ್ರಾಮರ್ ತಪ್ಪಿದ್ದರೂ ನಾನು ಕೆಂಪು ಇಂಕ್ ಹಾಕುವುದಿಲ್ಲ, ವಿಷಯ ಸರಿ ಇದೆಯಾ ಅಂತ ಅಷ್ಟೇ ನೋಡುತ್ತೇನೆ. ದಸರಾ ರಜೆ ಮುಗಿಸಿ ಬರುವ ಹೊತ್ತಿಗೆ ಬಲಗಡೆಯಲ್ಲೂ ಇಂಗ್ಲಿಷ್ ವಾಕ್ಯಗಳು ತಾವಾಗೇ ಕಾಣಿಸಿಕೊಳ್ಳುತ್ತವೆ.

ಮಕ್ಕಳ ವಿಧಾನ ಬದಲಾದರೆ ಸಾಲದು, ಪಾಠ ಮಾಡುವವರದ್ದೂ ಬದಲಾಗಬೇಕು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ನಿಲ್ಲಿಸುತ್ತೇನೆ. ಆಗ ಪಕ್ಕದವರ ಬುಕ್ ನೋಡಿ ಬಿಟ್ಟುಹೋದದ್ದನ್ನು ಸೇರಿಸಿಕೊಳ್ಳುತ್ತಾರೆ. ಬೋರ್ಡಿನ ಮೇಲೆ ಹೊಸ ಪದ ಮತ್ತು ಚಿತ್ರ ಬಿಟ್ಟು ಬೇರೇನೂ ಬರೆಯುವುದಿಲ್ಲ. ಹೃದಯದ ಚಿತ್ರವನ್ನು ಒಂದೊಂದೇ ಭಾಗವಾಗಿ ಬಿಡಿಸುತ್ತೇನೆ, ಅವರೂ ಜೊತೆಗೇ ಬಿಡಿಸುತ್ತಾರೆ. ಗ್ಲೈಕಾಲಿಸಿಸ್‌ನಂಥ (ಕೋಶದಲ್ಲಿ ಗ್ಲೂಕೋಸ್ ಹಂತಹಂತವಾಗಿ ಒಡೆಯುವ ಕ್ರಿಯೆ) ಉದ್ದದ ಸರಣಿಗೆ ಮಾತ್ರ ಜೆರಾಕ್ಸ್ ಕೊಡುತ್ತೇನೆ, ಅದರಲ್ಲೂ ನಡುನಡುವೆ ಖಾಲಿ ಬಿಟ್ಟಿರುತ್ತೇನೆ. ಬರೆಯುವುದು ತೀರಾ ನಿಧಾನ ಇರುವವರಿಗೆ, ಕಣ್ಣಿನ ತೊಂದರೆ ಇರುವವರಿಗೆ ಇಂಥ ಹಾಳೆ ಎಲ್ಲ ಪಾಠಕ್ಕೂ ಕೊಡಬೇಕು. ಅದರಲ್ಲಿ ಎರಡು ಮಾತಿಲ್ಲ.

ಲ್ಯಾಪ್‌ಟಾಪ್ ಒಳ್ಳೆಯದೋ ಪೆನ್ನೋ ಅಂತ ಕೇಳುವವರಿದ್ದಾರೆ. ಕೈಬರಹವೇ ಮೇಲು ಅಂತ 2014ರಲ್ಲಿ ಮುಲ್ಲರ್ ಮತ್ತು ಓಪನ್‌ಹೈಮರ್ ಎಂಬ ಸಂಶೋಧಕರು ತೋರಿಸಿದ್ದರು. ಆಮೇಲೆ ಬೇರೆಯವರು ಅದನ್ನೇ ಮತ್ತೆ ಮಾಡಿ ನೋಡಿದಾಗ ಅಷ್ಟು ಸ್ಪಷ್ಟ ಫಲಿತಾಂಶ ಬರಲಿಲ್ಲ. ನಮ್ಮ ಮಕ್ಕಳ ಹತ್ತಿರ ಇರುವುದು ಫೋನ್, ಅವರು ತೆಗೆಯುವುದು ಬೋರ್ಡಿನ ಫೋಟೋ. ಅದನ್ನು ಮತ್ತೆ ತೆರೆದು ನೋಡುವವರು ಬಹಳ ಕಡಿಮೆ.

"ಪಕ್ಕದ ಸೆಕ್ಷನ್‌ನಲ್ಲಿ ನೋಟ್ಸ್ ಕೊಡ್ತಾರಂತೆ" ಅಂತ ಪೋಷಕರು ಬಂದು ಕೇಳುವುದೂ ಉಂಟು. ಅವರ ಕೈಗೆ ಅವರ ಮಗುವಿನ ಬುಕ್ಕನ್ನೇ ಕೊಟ್ಟು, ಎಡಗಡೆಯ ಪ್ರಶ್ನೆಯನ್ನು ನೀವೇ ಕೇಳಿ ಅನ್ನುತ್ತೇನೆ. ಬಯಾಲಜಿ ಓದದ ತಂದೆತಾಯಿಗಳೂ ಇದನ್ನು ಮನೆಯಲ್ಲಿ ಮಾಡಬಹುದು. ಉತ್ತರ ಅಲ್ಲೇ ಬಲಗಡೆ ಇರುತ್ತದೆ, ಎಷ್ಟೋ ಸಲ ಕನ್ನಡದಲ್ಲೇ.