ಐರಿಷ್ ಸಾಹಿತ್ಯ-ಸಂಸ್ಕೃತಿ ಚರಿತ್ರೆಯಲ್ಲಿ ಪಿಎಚ್‌ಡಿ: ಮಂಗಳೂರಿನಲ್ಲಿ ಕೂತು ಅರ್ಜಿ ಹಾಕುವ ಬಗೆ

ಇಂಗ್ಲಿಷ್ ಎಂ.ಎ. ಮುಗಿಸಿದವರು ಸಾಮಾನ್ಯವಾಗಿ ಸ್ಕಾಲರ್‌ಶಿಪ್ ಫಾರಂ ಹುಡುಕುವುದರಿಂದ ಶುರು ಮಾಡುತ್ತಾರೆ. ಕ್ರಮ ಉಲ್ಟಾ. ಮೊದಲು ಪ್ರಶ್ನೆ, ಆಮೇಲೆ ಗೈಡ್, ಫಾರಂ ಕೊನೆಗೆ.

‘ಯೇಟ್ಸ್ ಮತ್ತು ಉಪನಿಷತ್ತು’ ಥರದ ವಿಷಯ ಬೇಡ. ಅದರ ಬಗ್ಗೆ ಕಪಾಟು ತುಂಬ ಬರೆದಾಗಿದೆ. ನೀವು ಹೊಸದಾಗಿ ಬಿಚ್ಚುವ ಕಡತ ಯಾವುದು ಎಂದರೆ ಉತ್ತರ ಇರುವುದಿಲ್ಲ. ನಮ್ಮ ಊರಲ್ಲೇ ಒಂದು ಎಳೆ ಇದೆ. ಮಾರ್ಗರೆಟ್ ಕಸಿನ್ಸ್ 1908ರಲ್ಲಿ ಡಬ್ಲಿನ್‌ನಲ್ಲಿ ಐರಿಷ್ ವಿಮೆನ್ಸ್ ಫ್ರಾಂಚೈಸ್ ಲೀಗ್ ಎಂಬ ಮಹಿಳಾ ಮತಹಕ್ಕಿನ ಸಂಘ ಕಟ್ಟಿದವರಲ್ಲಿ ಒಬ್ಬರು, ಮತದ ಹಕ್ಕಿಗಾಗಿ ಜೈಲಿಗೂ ಹೋದವರು. 1915ರಲ್ಲಿ ಭಾರತಕ್ಕೆ ಬಂದು, 1919-20ರಲ್ಲಿ ಮಂಗಳೂರಿನ ನ್ಯಾಷನಲ್ ಗರ್ಲ್ಸ್ ಸ್ಕೂಲಿನ ಮೊದಲ ಮುಖ್ಯಸ್ಥೆಯಾದರು. ಕನ್ನಡದಲ್ಲಿ ಬರೆಯಿರಿ ಎಂದು ಕುವೆಂಪು ಅವರಿಗೆ ಹೇಳಿದ ಜೇಮ್ಸ್ ಕಸಿನ್ಸ್ ಇವರ ಗಂಡ. ಆ ಕತೆ ಎಲ್ಲರಿಗೂ ಗೊತ್ತು, ಹೆಂಡತಿಯ ಮಂಗಳೂರು ವರ್ಷವನ್ನು ಕೇಳುವವರು ಕಡಿಮೆ.

ಇಷ್ಟೇ ಆದರೆ ಅದು ವ್ಯಕ್ತಿಪರಿಚಯ. ‘ಡಬ್ಲಿನ್‌ನ ಮತಹಕ್ಕು ಪತ್ರಿಕೆಗಳ ವಾದದ ಧಾಟಿ, ಮಾರ್ಗರೆಟ್ ಭಾರತದಲ್ಲಿ ಸಂಪಾದಿಸಿದ ಸ್ತ್ರೀಧರ್ಮ ಪತ್ರಿಕೆಗೆ ಬಂದಾಗ ಏನಾಯಿತು?’ ಎಂದು ಕೇಳಿದರೆ ಸಂಶೋಧನೆ. ಆಗ ಆಧಾರಗಳನ್ನೂ ಹೆಸರಿಸಬಹುದು: ಲೀಗಿನ ಸಹಸ್ಥಾಪಕಿ ಹ್ಯಾನಾ ಶೀಹಿ-ಸ್ಕೆಫಿಂಗ್ಟನ್ ಅವರ ಕಾಗದಪತ್ರ ಡಬ್ಲಿನ್‌ನ ಕಿಲ್ಡೇರ್ ಸ್ಟ್ರೀಟಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಕಸಿನ್ಸ್ ದಂಪತಿ 1950ರಲ್ಲಿ ಪ್ರಕಟಿಸಿದ ಆತ್ಮಕಥನವೂ ಇದೆ. ಆದರೆ ಅದೊಂದನ್ನೇ ನೆಚ್ಚಬೇಡಿ, ಮೂವತ್ತು ವರ್ಷ ಬಿಟ್ಟು ನೆನಪಿನಿಂದ ಬರೆದದ್ದು. ಮಂಗಳೂರಿನ ಕಡೆಯ ಕಡತ ಸಿಗುತ್ತದೋ ಇಲ್ಲವೋ ಎಂದು ಮೊದಲೇ ಹೋಗಿ ನೋಡಿ. ನೋಡದೆ ಪ್ರಸ್ತಾವನೆಯಲ್ಲಿ ಸೇರಿಸಬೇಡಿ.

ಮನೆಯಲ್ಲೇ ಕೂತು ನೋಡುವಂಥದ್ದು ಸಾಕಷ್ಟಿದೆ. 1901 ಮತ್ತು 1911ರ ಐರಿಷ್ ಜನಗಣತಿ, ಐರಿಷ್ ಜೀವನಚರಿತ್ರೆ ಕೋಶ, 1937-39ರಲ್ಲಿ ಶಾಲಾ ಮಕ್ಕಳು ಸಂಗ್ರಹಿಸಿದ ಜಾನಪದ, ಎಲ್ಲವೂ ಆನ್‌ಲೈನ್‌ನಲ್ಲಿ ಉಚಿತ. ಜಾನಪದ ಸಂಗ್ರಹದ ಒಳ್ಳೆಯ ಪಾಲು ಐರಿಷ್ ಭಾಷೆಯಲ್ಲಿದೆ. ಆ ಭಾಷೆ ಬಾರದವರು ಅದನ್ನು ಮುಖ್ಯ ಆಧಾರ ಮಾಡಿಕೊಂಡರೆ ಪರೀಕ್ಷಕರು ಅಲ್ಲೇ ಹಿಡಿಯುತ್ತಾರೆ. ಹಳೆಯ ಸರ್ಕಾರಿ ದಾಖಲೆಗಳ ಬಗ್ಗೆಯೂ ಹುಷಾರು. 1922ರ ಜೂನ್ 30ರಂದು ಡಬ್ಲಿನ್‌ನ ದಾಖಲೆ ಕಚೇರಿಯೇ ಹೊತ್ತಿ ಉರಿದು ಹೋಯಿತು.

ಗೈಡ್‌ಗೆ ಮೇ ತಿಂಗಳೊಳಗೆ ಬರೆಯಿರಿ, ಆಮೇಲೆ ಬೇಸಿಗೆ ರಜೆ. ‘ರೆಸ್ಪೆಕ್ಟೆಡ್ ಸರ್/ಮೇಡಂ’ ಎಂದು ಇಪ್ಪತ್ತು ಜನರಿಗೆ ಒಂದೇ ಮೇಲ್ ಕಳಿಸಿದರೆ ಉತ್ತರ ಬರುವುದಿಲ್ಲ. ‘ಡಿಯರ್ ಪ್ರೊಫೆಸರ್’ ಎಂದು ಸರ್‌ನೇಮ್ ಸೇರಿಸಿ, ಅವರ ಯಾವ ಲೇಖನ ಓದಿ ನಿಮ್ಮ ಪ್ರಶ್ನೆ ಹುಟ್ಟಿತು ಎಂದು ಎರಡು ಸಾಲು, ಜೊತೆಗೆ ಒಂದು ಪುಟದ ಪ್ರಸ್ತಾವನೆ. ಹೊಗಳಿಕೆ ಬೇಡ.

ಹಣದ ಮುಖ್ಯ ದಾರಿ ಅಲ್ಲಿಯ ಸಂಶೋಧನಾ ಅನುದಾನ ಸಂಸ್ಥೆ ರಿಸರ್ಚ್ ಐರ್ಲೆಂಡ್ ನಡೆಸುವ ಸರ್ಕಾರಿ ಸ್ಕಾಲರ್‌ಶಿಪ್. ವರ್ಷಕ್ಕೆ 25,000 ಯೂರೋ ಸ್ಟೈಪೆಂಡ್, ಸಂಶೋಧನಾ ವೆಚ್ಚಕ್ಕೆ 3,250, ಫೀಸಿಗೆ ಗರಿಷ್ಠ 5,750. ಪಿಎಚ್‌ಡಿಗೆ ನಾಲ್ಕು ವರ್ಷದವರೆಗೆ. ಎಡವುವುದು ಫೀಸಿನಲ್ಲಿ. ಯೂರೋಪಿನ ಹೊರಗಿನವರಿಗೆ ಫೀಸು ಇದಕ್ಕಿಂತ ಹೆಚ್ಚು, ಉಳಿದದ್ದನ್ನು ವಿಶ್ವವಿದ್ಯಾನಿಲಯ ಬಿಡುತ್ತದೆಯೇ ಎಂದು ಅರ್ಜಿಗೆ ಮೊದಲೇ ಬರಹದಲ್ಲಿ ಕೇಳಿ. ವಿಶ್ವವಿದ್ಯಾನಿಲಯಗಳ ಸ್ವಂತ ಸ್ಕಾಲರ್‌ಶಿಪ್‌ಗಳನ್ನೂ ಜೊತೆಜೊತೆಗೇ ನೋಡುತ್ತಿರಿ.

ಕೊನೆಯ ದಿನ ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ, ದಸರಾ ರಜೆಯ ಹೊತ್ತಿಗೇ. ಶಿಫಾರಸು ಕೊಡುವ ಮೇಷ್ಟ್ರು ತಾವೇ ಆನ್‌ಲೈನ್‌ನಲ್ಲಿ ತುಂಬಬೇಕು, ನೀವು ಸ್ಕ್ಯಾನ್ ಮಾಡಿದ ಲೆಟರ್‌ಹೆಡ್ ನಡೆಯದು. ಹಾಗಾಗಿ ಅವರು ಊರಿಗೆ ಹೊರಡುವ ಮೊದಲೇ ಲಿಂಕ್ ಹೋಗಿರಲಿ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಿಂದ ಟ್ರಾನ್ಸ್‌ಕ್ರಿಪ್ಟ್ ಬೇಕಾದವರು ಜುಲೈಯಲ್ಲೇ ಕೇಳಿ. ಅಂಕಪಟ್ಟಿ ಬೇರೆ, ಅದು ಬೇರೆ. ಗಡುವಿನ ಗಂಟೆ ಐರ್ಲೆಂಡಿನದು ಎಂಬುದು ನೆನಪಿರಲಿ: ಅಲ್ಲಿಯ ಸಂಜೆ 4 ಗಂಟೆ ಎಂದರೆ ನಮ್ಮಲ್ಲಿ ರಾತ್ರಿ 8.30, ಅಕ್ಟೋಬರ್‌ನ ಕೊನೆಯ ಭಾನುವಾರ ಅವರ ಗಡಿಯಾರ ಹಿಂದೆ ಸರಿದ ಮೇಲೆ 9.30.

ಸ್ಕಾಲರ್‌ಶಿಪ್ ಸಿಕ್ಕಿದರೆ ಡಿ ವೀಸಾ, ಅಂದರೆ ದೀರ್ಘಕಾಲ ಉಳಿಯುವವರ ವೀಸಾ. ಫಾರಂ ಆನ್‌ಲೈನ್, ದಾಖಲೆ ಕೊಡುವುದು ವೀಸಾ ಕೇಂದ್ರದಲ್ಲಿ. ಅಲ್ಲಿಗೆ ಹೋದ ಮೇಲೆ ವಲಸೆ ನೋಂದಣಿಗೆ 300 ಯೂರೋ. ಇದನ್ನೂ ಮನೆಯ ಅಡ್ವಾನ್ಸನ್ನೂ ಮೊದಲ ಸ್ಟೈಪೆಂಡ್ ಕೈಗೆ ಬರುವ ಮುಂಚೆಯೇ ಕೊಡಬೇಕಾಗುತ್ತದೆ, ಇಲ್ಲಿಂದಲೇ ಹಣ ಹೊಂದಿಸಿಕೊಂಡು ಹೊರಡಿ.