ಪದ್ಮಿನಿಯ ಕೆಳಗಿನ ಲೊಡಲೊಡ: ನಾನು ಹುಡುಕಿದ ರೀತಿ

ಹಳೇ ಪ್ರೀಮಿಯರ್ ಪದ್ಮಿನಿ ಕಾರು ಇಟ್ಟುಕೊಂಡವರಿಗೆಲ್ಲ ಒಂದು ಮಾತು ಕೇಳಿ ಕೇಳಿ ಸಾಕಾಗಿರುತ್ತದೆ: "ಸಾರ್, ಸಸ್ಪೆನ್ಷನ್ ಪೂರ್ತಿ ಬಿಚ್ಚಿ ಎಲ್ಲಾ ಬುಶ್ ಹಾಕಿಸಿಬಿಡಿ." ಬುಶ್ ಅಂದರೆ ಜಾಯಿಂಟುಗಳ ನಡುವೆ ಕೂರುವ ರಬ್ಬರ್ ಕೊಳವೆ. ಗಾಡಿಯ ಕೆಳಗಿನಿಂದ ಲೊಡಲೊಡ ಶಬ್ದ ಬರುತ್ತದೆ ಅಂದಾಗ ನನಗೂ ಗ್ಯಾರೇಜಿನಲ್ಲಿ ಇದನ್ನೇ ಹೇಳಿದರು. ಹೇಳಿದವರು ಗಾಡಿ ಓಡಿಸಿರಲಿಲ್ಲ, ಬಗ್ಗಿಯೂ ನೋಡಿರಲಿಲ್ಲ. ಎಲ್ಲ ಬದಲಿಸಿದರೆ ಶಬ್ದ ಹೋದರೂ ಹೋದೀತು, ಬಿಡಿ. ಆದರೆ ಈ ಗಾಡಿಯ ತಯಾರಿಕೆ ನಿಂತು 20 ವರ್ಷ ದಾಟಿದೆ. ಈಗ ಸಿಗುವ ರಬ್ಬರ್ ಸಾಮಾನಿನಲ್ಲಿ ಎಷ್ಟೋ, ಗಾಡಿಯಲ್ಲೇ ಇರುವ ಹಳೆಯದಕ್ಕಿಂತ ಕಡೆ. ಚೆನ್ನಾಗಿರುವುದನ್ನು ಕಿತ್ತು ಕಳಪೆ ಹಾಕಿಸಿಕೊಳ್ಳುವುದಕ್ಕೆ ದುಡ್ಡು ಬೇರೆ ಕೊಡಬೇಕು. ಹಾಗಾಗಿ ನನ್ನ ನಿಯಮ ಒಂದೇ. ಶಬ್ದ ಮಾಡುವ ಭಾಗ ಯಾವುದು ಅಂತ, ಗಾಡಿ ನಿಂತಿರುವಾಗಲೇ ಕೈಗೆ ಗೊತ್ತಾಗಬೇಕು. ಅಲ್ಲಿಯವರೆಗೆ ಒಂದು ಬುಶ್ ಕೂಡ ಕೊಳ್ಳುವುದಿಲ್ಲ.

ನನ್ನದು 1984ರ ಗಾಡಿ, ಮೈಸೂರಿನಲ್ಲಿದೆ. 1964ರಲ್ಲಿ ಫಿಯೆಟ್ 1100 ಡಿಲೈಟ್ ಅಂತ ಬಂದದ್ದೇ 1974ರಲ್ಲಿ ಪದ್ಮಿನಿ ಆಯಿತು. ಹೆಸರು ಬದಲಾದರೂ ಕೆಳಗಿನ ಕಟ್ಟು ಹೆಚ್ಚು ಬದಲಾಗಲಿಲ್ಲ. ಮುಂದೆ ಒಂದೊಂದು ಗಾಲಿಗೆ ಮೇಲೊಂದು ಕೆಳಗೊಂದು ಆರ್ಮ್ (ಗಾಲಿಯನ್ನು ಬಾಡಿಗೆ ಸೇರಿಸುವ ತೋಳು), ಕಾಯಿಲ್ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಸ್ಟೀರಿಂಗ್ ತಿರುಗಿಸಿದಾಗ ಗಾಲಿ ತಿರುಗುವ ಗೂಟ ಅಂದರೆ ಕಿಂಗ್‌ಪಿನ್. ತಿರುವಿನಲ್ಲಿ ಗಾಡಿ ವಾಲದಂತೆ ಎಡ ಬಲ ಸೇರಿಸುವ ಒಂದು ಸ್ಟೆಬಿಲೈಸರ್ ಬಾರ್. ಹಿಂದೆ ಒಂದೇ ಗಟ್ಟಿ ಆಕ್ಸಲ್, ಎರಡೂ ಕಡೆ ಪಟ್ಟಾ, ಅಂದರೆ ಉಕ್ಕಿನ ಎಲೆಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್. ಈ ಗಾಡಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಮುಂದಿನ ಎಡಗಾಲಿಯ ಹತ್ತಿರ ಟಕ್ ಅಂದದ್ದು ಬೆಂಕಿಪೊಟ್ಟಣದ ದಾರದ ಫೋನಿನ ಹಾಗೆ ತಗಡಿನೊಳಗೆ ಓಡಿ ಎಲ್ಲೋ ಸೀಟಿನ ಕೆಳಗೆ ಕೇಳುತ್ತದೆ. ಡ್ರೈವರ್ ಸೀಟಿನಲ್ಲಿ ಕೂತು "ಬಲಗಡೆಯಿಂದ ಬರ್ತಿದೆ" ಅನ್ನುವುದನ್ನು ಅಷ್ಟಾಗಿ ನಂಬಬೇಡಿ.

ಮೊದಲು ಗಾಡಿ ಖಾಲಿ ಮಾಡಿ. ಡಿಕ್ಕಿಯ ಸ್ಟೆಪ್ನಿ, ಜಾಕು, ಪಾನಾ, ಗ್ಲೌವ್ ಬಾಕ್ಸ್‌ನಲ್ಲಿರುವ ಹಳೇ ಟಾರ್ಚು, ಎಲ್ಲ ಮನೆಯೊಳಗೆ. ನಂಬರ್ ಪ್ಲೇಟ್, ಬಾನೆಟ್ಟಿನ ಕೊಂಡಿ, ಬ್ಯಾಟರಿಯ ಕ್ಲಾಂಪ್ ಅಲ್ಲಾಡಿಸಿ ನೋಡಿ. ಸೈಲೆನ್ಸರ್ ಪೈಪನ್ನು (ತಣ್ಣಗಿರುವಾಗ!) ಹಿಡಿದು ತೂಗಿದರೆ ಬಾಡಿಗೆ ತಾಗುತ್ತದಾ ಅಂತ ಕೇಳುತ್ತದೆ. ಗಾಲಿಯ ನಟ್ಟುಗಳನ್ನೂ ಒಮ್ಮೆ ಬಿಗಿ ನೋಡಿ. ಇಷ್ಟರಲ್ಲೇ ಅರ್ಧ ಜನರ ಸಸ್ಪೆನ್ಷನ್ ರಿಪೇರಿ ಮುಗಿದಿರುತ್ತದೆ ಅಂತ ನನ್ನ ಗುಮಾನಿ.

ಆಮೇಲೆ ಶಬ್ದ ಯಾವಾಗ ಬರುತ್ತದೆ ಅಂತ ಬರೆದಿಟ್ಟೆ. ನನ್ನ ಗಾಡಿಯಲ್ಲಿ ಮೂರು ಬೇರೆ ಬೇರೆ ಶಬ್ದ ಒಂದರೊಳಗೊಂದು ಬೆರೆತಿದ್ದವು. ಕಿತ್ತುಹೋದ ಡಾಂಬರಿನ ಮೇಲೆ ನಿಧಾನಕ್ಕೆ ಹೋದರೆ ಮುಂದೆ ಲೊಡಲೊಡ. ಬ್ರೇಕ್ ಹಿಡಿದಾಗ ಒಂದು ದಡ್, ಬಿಟ್ಟಾಗ ಇನ್ನೊಂದು. ಹಂಪ್ ಹತ್ತಿ ಇಳಿಯುವಾಗ ಹಿಂದಿನಿಂದ ಕಿರ್ರ್. ಈ ಕಿರ್ರ್ ಮಳೆ ಬಂದ ದಿನ ಇರುತ್ತಿರಲಿಲ್ಲ. ಅದೇ ದೊಡ್ಡ ಸುಳಿವು, ಅದಕ್ಕೆ ಆಮೇಲೆ ಬರುತ್ತೇನೆ.

ಮುಂದಿನ ಲೊಡಲೊಡಕ್ಕೆ ಗ್ಯಾರೇಜಿನವರ ತೀರ್ಪು ಕಿಂಗ್‌ಪಿನ್. ಪದ್ಮಿನಿಯಲ್ಲಿ ಏನೇ ಆದರೂ ಮೊದಲು ಬೈಸಿಕೊಳ್ಳುವುದು ಕಿಂಗ್‌ಪಿನ್ನೇ. ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಹಿಂದಿನ ಗಾಲಿಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಮುಂದಿನ ಗಾಲಿ ಎತ್ತಿ, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ತೂರುವ ಕೆಲಸ ಬೇಡವೇ ಬೇಡ. ಟೈರನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಪ್ಲೇ (ಸಡಿಲಾಗಿ ಆಡುವುದು) ಇದ್ದರೆ ಕಟ್ ಕಟ್ ಅನ್ನುತ್ತದೆ. ಈಗ ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಿ ಹಿಡಿಯಲಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಪ್ಲೇ ಮಾಯವಾದರೆ ಅದು ವೀಲ್ ಬೇರಿಂಗ್. ಬ್ರೇಕ್ ಡ್ರಮ್ಮನ್ನು ಹಿಂದಿನ ಪ್ಲೇಟಿಗೆ ಕಟ್ಟಿಹಾಕಿದಂತಾಗಿ ಬೇರಿಂಗಿನ ಆಟ ನಿಲ್ಲುತ್ತದೆ, ಅದಕ್ಕೆ. ಒತ್ತಿದರೂ ಹಾಗೇ ಆಡಿದರೆ ಕಿಂಗ್‌ಪಿನ್ ಅಥವಾ ಆರ್ಮಿನ ಬುಶ್‌ಗಳು. ಎಡ ಬಲಕ್ಕೆ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಡಿದರೆ ಸ್ಟೀರಿಂಗಿನ ಟೈರಾಡ್ ಎಂಡ್‌ಗಳನ್ನು (ಗಾಲಿ ತಿರುಗಿಸುವ ಸಲಾಕೆಯ ತುದಿಯ ಜಾಯಿಂಟುಗಳು) ನೋಡಿ.

ನನ್ನ ಗಾಡಿಯಲ್ಲಿ ಬ್ರೇಕ್ ಒತ್ತಿದ ತಕ್ಷಣ ಪ್ಲೇ ನಿಂತಿತು. ಬೇರಿಂಗ್ ಸ್ವಲ್ಪ ಸಡಿಲ, ಕಿಂಗ್‌ಪಿನ್ ಗಟ್ಟಿ. ಬೇರಿಂಗ್ ಸರಿಮಾಡಿಸಿದೆ. ಲೊಡಲೊಡ ಹಾಗೇ ಇತ್ತು.

ಇಲ್ಲಿಂದ ಮುಂದೆ ಗಾಲಿ ನೆಲದ ಮೇಲೇ ಇರಬೇಕು. ಗಾಡಿ ಎತ್ತಿದರೆ ಆರ್ಮುಗಳು ಕೆಳಕ್ಕೆ ಜೋತುಬಿದ್ದು ಸಡಿಲವೆಲ್ಲ ಒಂದು ಕಡೆ ಒತ್ತಿಕೊಳ್ಳುತ್ತದೆ. ಓಡುವಾಗ ಆಡುವ ಭಾಗ ಆಗ ಸುಮ್ಮನಿರುತ್ತದೆ. ಪಕ್ಕದ ಮನೆಯ ಹುಡುಗ ಮಡ್‌ಗಾರ್ಡ್ ಒತ್ತಿ ಒತ್ತಿ ಗಾಡಿ ಕುಣಿಸುವುದು, ನಾನು ಪಕ್ಕದಲ್ಲಿ ಅಂಗಾತ ಮಲಗಿ ಒಂದೊಂದೇ ಜಾಯಿಂಟಿನ ಮೇಲೆ ಬೆರಳಿಡುವುದು. ಬೆರಳು ಸಿಕ್ಕಿಕೊಳ್ಳದ ಜಾಗದಲ್ಲಿ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ. ಕಿವಿಗೆ ಕೇಳದ ಟಕ್ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಶಾಕ್ ಅಬ್ಸಾರ್ಬರಿನ ಮೇಲಿನ ರಬ್ಬರ್, ಏನೂ ಇಲ್ಲ. ಮೇಲಿನ ಆರ್ಮ್, ಏನೂ ಇಲ್ಲ. ಸ್ಟೆಬಿಲೈಸರ್ ಬಾರಿನ ತುದಿಯ ಹತ್ತಿರ ಬೆರಳಿಟ್ಟಾಗ ಪ್ರತಿ ಸಲವೂ ಸಣ್ಣಗೆ ಹೊಡೆಯಿತು.

ಹೊಡೆಯಿತು ಅಂದಮಾತ್ರಕ್ಕೆ ಸಾಬೀತಾಗಲಿಲ್ಲ. ಸ್ಟೆಬಿಲೈಸರ್ ಬಾರಿಗೆ ಒಂದು ಅನುಕೂಲ ಇದೆ. ಗಾಡಿಯ ಭಾರ ಅದರ ಮೇಲಿಲ್ಲ. ತುದಿ ಕಳಚಿ ಬಾರನ್ನು ಎಲ್ಲಿಗೂ ತಾಗದಂತೆ ತಂತಿಯಿಂದ ಕಟ್ಟಿದರೆ ಮನೆ ಸುತ್ತ ನಿಧಾನಕ್ಕೆ ಓಡಿಸಿ ನೋಡಬಹುದು. ತಿರುವಿನಲ್ಲಿ ಗಾಡಿ ಜಾಸ್ತಿ ವಾಲುತ್ತದೆ, ಹಾಗಾಗಿ ದೊಡ್ಡ ರಸ್ತೆಗೆ ಹೋಗಬಾರದು. ಹಾಗೆ ಓಡಿಸಿದಾಗ ಲೊಡಲೊಡ ನಿಂತೇ ಹೋಯಿತು. ಬಾರಿನ ರಬ್ಬರ್ ಬುಶ್ ಅಂಡಾಕಾರವಾಗಿ ಸವೆದಿತ್ತು. ಇಡೀ ಪತ್ತೇದಾರಿಕೆಯಲ್ಲಿ ಇದಕ್ಕಿಂತ ಅಗ್ಗದ ಸಾಮಾನು ಇನ್ನೊಂದಿರಲಿಲ್ಲ.

ಬ್ರೇಕ್ ಹಿಡಿದಾಗಿನ ದಡ್ ಬೇರೆ ಕತೆ. ಬ್ರೇಕ್ ಹಿಡಿದಾಗ ಗಾಲಿ ಹಿಂದಕ್ಕೆ ಎಳೆಯುತ್ತದೆ, ಬಾಡಿ ಮುಂದಕ್ಕೆ ನುಗ್ಗುತ್ತದೆ. ನಡುವೆ ಸಿಕ್ಕಿಕೊಳ್ಳುವುದು ಕೆಳಗಿನ ಆರ್ಮ್. ಅದರ ಒಳತುದಿಯಲ್ಲಿ ಸೈಲೆಂಟ್ ಬ್ಲಾಕ್ ಇರುತ್ತದೆ. ಒಳಗೊಂದು ಕಬ್ಬಿಣದ ಕೊಳವೆ, ಹೊರಗೊಂದು, ಮಧ್ಯೆ ಬಿಗಿಯಾಗಿ ಕೂತ ರಬ್ಬರ್. ಆರ್ಮ್ ಮೇಲೆ ಕೆಳಗೆ ಆಡುವಾಗ ಲೋಹ ಜಾರುವುದಿಲ್ಲ, ರಬ್ಬರೇ ತಿರುಚಿಕೊಂಡು ಬಿಚ್ಚಿಕೊಳ್ಳುತ್ತದೆ. ಆ ರಬ್ಬರ್ ಹಿಡಿತ ಬಿಟ್ಟರೆ ಲೋಹಕ್ಕೆ ಲೋಹ ತಾಗಿ ದಡ್ ಅನ್ನುತ್ತದೆ.

ಟಾರ್ಚ್ ಹಾಕಿ ನೋಡಿದೆ. ಎಲ್ಲ ಕಡೆ ಒಂದೇ ಬಣ್ಣದ ಕಪ್ಪು ಮಣ್ಣು, ಹಳೇ ಗ್ರೀಸು. ಎಡಗಡೆಯ ಕೆಳಗಿನ ಆರ್ಮಿನ ಹಿಂದಿನ ಬುಶ್ ಸುತ್ತ ಮಾತ್ರ ಕುಂಕುಮದಷ್ಟು ನುಣ್ಣಗಿನ ಕೆಂಪು ಪುಡಿ, ಅದರ ಅಂಚಿನಲ್ಲಿ ಕೂದಲೆಳೆಯಷ್ಟು ಹೊಳೆಯುವ ಕಬ್ಬಿಣ. ಆಡಬಾರದ ಎರಡು ಲೋಹ ಒಂದಕ್ಕೊಂದು ಉಜ್ಜಿದರೆ ಬರುವ ತುಕ್ಕಿನ ಪುಡಿ ಅದು. ಟೈರ್ ಲಿವರ್ ಕೊಟ್ಟು ಮೆಲ್ಲಗೆ ಮೀಟಿದರೆ ಆರ್ಮ್ ಹಿಂದೆ ಮುಂದೆ ಸರಿಯಿತು, ಒಳಗಿನ ಕೊಳವೆ ಅಲ್ಲೇ ನಿಂತಿತ್ತು. ಬಲಗಡೆ ಅದೇ ಲಿವರಿಗೆ ರಬ್ಬರ್ ಸ್ವಲ್ಪ ಬಾಗಿ ವಾಪಸ್ ಬಂತು, ಅಷ್ಟೇ. ಎಡ ಬಲ ಹೋಲಿಸಿ ನೋಡುವುದಕ್ಕಿಂತ ಒಳ್ಳೇ ಅಳತೆಗೋಲು ಹಳೇ ಗಾಡಿಗೆ ಇಲ್ಲ.

ಬುಶ್ ತರಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಹಳೇ ಬುಶ್ ಮತ್ತು ಅಳತೆ ನೋಡುವ ವರ್ನಿಯರ್ ಎರಡೂ ಜೇಬಿನಲ್ಲಿರಲಿ, "ಫಿಯೆಟ್‌ದು ಕೊಡಿ" ಅಂದರೆ ಸಾಲದು. "ಓಲ್ಡ್ ಸ್ಟಾಕ್ ಸಾರ್, ಒರಿಜಿನಲ್" ಅಂತ ಬಣ್ಣ ಮಾಸಿದ ಡಬ್ಬಿ ತೋರಿಸುತ್ತಾರೆ. ಡಬ್ಬಿ ಒಡೆಯದಿದ್ದರೂ ಒಳಗಿನ ರಬ್ಬರಿಗೆ ವಯಸ್ಸಾಗಿರುತ್ತದೆ. ಉಗುರಿನಿಂದ ಒತ್ತಿ ನೋಡಿ. ಕಲ್ಲಿನಂತಿದ್ದರೆ ಅಥವಾ ಅಂಚಿನಲ್ಲಿ ಸಣ್ಣ ಬಿರುಕಿದ್ದರೆ ಬೇಡ. ಲೇತ್‌ನಲ್ಲಿ ನೈಲಾನ್ ಬುಶ್ ಕಡೆದು ಕೊಡುವವರೂ ಇದ್ದಾರೆ. ಸೈಲೆಂಟ್ ಬ್ಲಾಕ್ ಜಾಗಕ್ಕೆ ಅದು ನನಗೆ ಇಷ್ಟವಿಲ್ಲ. ನೈಲಾನ್ ತಿರುಚಿಕೊಳ್ಳುವುದಿಲ್ಲ, ಜಾರುತ್ತದೆ. ಗ್ರೀಸ್ ಒಣಗಿದ ದಿನ ಕಿರುಗುಟ್ಟಲು ಶುರು ಮಾಡುತ್ತದೆ, ರಸ್ತೆಯ ನಡುಕವನ್ನೆಲ್ಲ ಒಳಗೆ ಕಳಿಸುತ್ತದೆ.

ಹಾಕುವಾಗ ಒಂದು ವಿಷಯದಲ್ಲಿ ಹಟ ಹಿಡಿದೆ. ಗಾಡಿ ಮೇಲಿರುವಾಗಲೇ ಮೇಸ್ತ್ರಿ ಪಾನಾ ಹಾಕಿ ಬೋಲ್ಟ್ ಬಿಗಿಯಲು ಹೊರಟರು. "ಬರೀ ಕೈಬಿಗಿ ಮಾಡಿ ಮೇಸ್ತ್ರಿ, ಗಾಲಿ ನೆಲಕ್ಕೆ ಇಳಿಸಿದ ಮೇಲೆ ಟೈಟ್ ಮಾಡೋಣ" ಅಂದೆ. "ಕೆಳಗೆ ಕೈ ಹೋಗಲ್ಲ ಸಾರ್" ಅಂದರು. ಎರಡೂ ಮುಂದಿನ ಗಾಲಿಗಳ ಕೆಳಗೆ ದಪ್ಪ ಹಲಗೆ ಕೊಟ್ಟೆವು, ಕೈ ಹೋಯಿತು. ಆರ್ಮ್ ಜೋತುಬಿದ್ದಾಗ ಬಿಗಿದರೆ, ಗಾಡಿ ಇಳಿಸಿದ ಕ್ಷಣವೇ ರಬ್ಬರ್ ತಿರುಚಿಕೊಂಡು ಕೂರುತ್ತದೆ. ನಿಂತಿದ್ದರೂ ಅದಕ್ಕೆ ಬಿಡುವಿಲ್ಲ, ಓಡುವಾಗ ಇನ್ನೂ ತಿರುಚುತ್ತದೆ. ಹೊಸ ಬುಶ್ ಬೇಗ ಹರಿದುಹೋಗಲು ಇದು ಎಷ್ಟೋ ಸಲ ಕಾರಣ. ಬೈಸಿಕೊಳ್ಳುವುದು ಮಾತ್ರ ಡೂಪ್ಲಿಕೇಟ್ ಸಾಮಾನು.

ಈಗ ಹಿಂದಿನ ಕಿರ್ರ್. ಒದ್ದೆಯಾದರೆ ನಿಲ್ಲುತ್ತದೆ ಅಂದರೆ ಒಣ ರಬ್ಬರ್, ಇಲ್ಲವೇ ತುಕ್ಕು ಹಿಡಿದ ಪಟ್ಟಾ. ಗಿಡಕ್ಕೆ ನೀರು ಹೊಡೆಯುವ ಸ್ಪ್ರೇ ಬಾಟಲಿ ತಗೊಂಡು, ಹುಡುಗ ಡಿಕ್ಕಿಯ ಅಂಚು ಒತ್ತುತ್ತಿದ್ದಾಗ ಒಂದೊಂದೇ ಜಾಗಕ್ಕೆ ಹೊಡೆದೆ. ಪಟ್ಟಾದ ತುದಿಯನ್ನು ಬಾಡಿಗೆ ಸೇರಿಸುವ ಕೊಂಡಿಯ, ಅಂದರೆ ಶಾಕಲ್ಲಿನ, ಬುಶ್‌ಗೆ ಹೊಡೆದಾಗ ಶಬ್ದ ಹಾಗೇ ಇತ್ತು. ಎರಡನೇ ಎಲೆಯ ತುದಿ ಮೇಲಿನ ಎಲೆಗೆ ತಾಗುವ ಜಾಗಕ್ಕೆ ಹೊಡೆದ ತಕ್ಷಣ ನಿಂತಿತು. ಸ್ವಲ್ಪ ಹೊತ್ತಿಗೆ ಒಣಗಿ ಮತ್ತೆ ಶುರು. ಇಷ್ಟು ಖಚಿತವಾಗಿ ಹೇಳುವ ಉಪಕರಣ ಬೇರೆ ಇಲ್ಲ, ಬೆಲೆಯೂ ಇಲ್ಲ.

ವಾಟರ್ ಸರ್ವಿಸ್ ಮಾಡುವ ಕಡೆ ಇದಕ್ಕೆಲ್ಲ ಸುಟ್ಟ ಆಯಿಲ್‌ಗೆ ಡೀಸೆಲ್ ಬೆರೆಸಿ ಸ್ಪ್ರೇ ಹೊಡೆಯುತ್ತಾರೆ. ಶಬ್ದವೇನೋ ನಿಲ್ಲುತ್ತದೆ. ಜೊತೆಗೆ ಶಾಕಲ್ಲಿನ ರಬ್ಬರ್, ಶಾಕ್ ಅಬ್ಸಾರ್ಬರಿನ ರಬ್ಬರ್ ಎಲ್ಲ ಎಣ್ಣೆ ಕುಡಿದು ಊದಿಕೊಂಡು ಮೆತ್ತಗಾಗುತ್ತವೆ. ನಾನು ಪಟ್ಟಾ ಬಿಚ್ಚಿಸಿದೆ. ಈ ಕೆಲಸ ಮನೆಯಲ್ಲಿ ಬೇಡ. ಎಲೆಗಳನ್ನು ಹಿಡಿದಿಟ್ಟ ಸೆಂಟರ್ ಬೋಲ್ಟ್ ಬಿಚ್ಚಿದಾಗ ಎಲೆಗಳು ಎಗರುತ್ತವೆ, ದೊಡ್ಡ ವೈಸ್ ಇಲ್ಲದೆ ಕೈ ಹಾಕಬಾರದು. ಲಾರಿ ಪಟ್ಟಾ ಕೆಲಸದವರಿಗೆ ಕೊಟ್ಟರೆ ಅವರಿಗೆ ಇದು ಆಟಿಕೆ. ತುಕ್ಕು ಉಜ್ಜಿ, ಎಲೆಗಳ ಮಧ್ಯೆ ಗ್ರಾಫೈಟ್ ಗ್ರೀಸ್ ಸವರಿ, ಎಲ್ಲೂ ಬಿರುಕಿಲ್ಲ ಅಂತ ನೋಡಿ ಕಟ್ಟಿಕೊಟ್ಟರು. ಎಲೆ ಮುರಿದಿದ್ದರೆ ಬಿಚ್ಚುವ ಮೊದಲೇ ಅನುಮಾನ ಬರುತ್ತದೆ: ಸಮ ನೆಲದಲ್ಲಿ ನಿಲ್ಲಿಸಿ, ಗಾಲಿಯ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಟೇಪ್ ಹಿಡಿದರೆ ಎರಡು ಕಡೆಯ ಅಳತೆ ಎದ್ದುಕಾಣುವಷ್ಟು ಬೇರೆ ಇರುತ್ತದೆ.

ಗುಂಯ್ ಅನ್ನುವ ಶಬ್ದ ನನ್ನ ಗಾಡಿಯಲ್ಲಿ ಇರಲಿಲ್ಲ, ಆದರೂ ಕೇಳುವವರು ಜಾಸ್ತಿ. ಚಾಮುಂಡಿ ಬೆಟ್ಟದ ರಸ್ತೆಯಂಥ ತಿರುವುಗಳಲ್ಲಿ ಕಿವಿಗೊಡಿ. ಎಡಕ್ಕೆ ತಿರುಗುವಾಗ ಭಾರ ಬಲಗಾಲಿಗಳ ಮೇಲೆ ಬೀಳುತ್ತದೆ. ಆಗ ಶಬ್ದ ಏರಿದರೆ ಬಲಗಡೆಯ ಬೇರಿಂಗ್. ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಹೋದ ತಕ್ಷಣ ದನಿ ಬದಲಾದರೆ ಅದು ಟೈರು, ಬೇರಿಂಗ್ ಅಲ್ಲ.

ಪಟ್ಟಾ ಕೂರಿಸಿ, ಅದನ್ನು ಆಕ್ಸಲ್ಲಿಗೆ ಕಟ್ಟುವ ಯು-ಬೋಲ್ಟ್ ಬಿಗಿಯುವಾಗ ನಾಲ್ಕು ನಟ್ಟುಗಳನ್ನೂ ಸ್ವಲ್ಪ ಸ್ವಲ್ಪ, ಎದುರುಬದುರಾಗಿ ಬಿಗಿಯಬೇಕು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಎಲೆಗಳು ಕೂತುಕೊಂಡು ಬೋಲ್ಟ್ ಸಡಿಲವಾಗುತ್ತದೆ, ಮತ್ತೊಮ್ಮೆ ಬಿಗಿಯಲೇಬೇಕು. ನಾನು ನಂಜನಗೂಡಿಗೆ ಹೋಗಿಬರುವ ಓಡಾಟವೆಲ್ಲ ಮುಗಿಸಿ ಮತ್ತೆ ಪಾನಾ ಹಾಕಿದಾಗ ಕಾಲು ಸುತ್ತು ತಿರುಗಿತು. ಮುಂದಿನ ಆರ್ಮ್ ಬಿಚ್ಚಿದ್ದರಿಂದ ವೀಲ್ ಅಲೈನ್‌ಮೆಂಟನ್ನೂ ಅದೇ ವಾರ ಮಾಡಿಸಿದೆ.